ಗೆಳೆಯನಿಗೊಂದು ಪತ್ರ: ಮೂರು ಸುತ್ತಿನ ಸ್ಪ್ರಿಂಟ್

ಪ್ರಿಯ ಗೆಳೆಯಾ,

ಮುಕ್ಕಾಲು ಕಿಲೊಮೀಟರಿನ ಸ್ಪರ್ಧೆಯಲ್ಲಿ ನೋಡುವಂಥದ್ದು ಏನಿದೆ ಎಂದು ನೀನು ಕೇಳಿದ್ದೀಯೆ. ವಿಜಯಪುರ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಬಿಸಿಲು ಗಾಳಿ ಎನ್ನದೆ ಗಂಟೆಗಟ್ಟಲೆ ಸೈಕಲ್ ತುಳಿದವನು ನೀನು. ನಿನಗೆ ಹಾಗೆನಿಸುವುದು ಸಹಜ. ಆದರೆ ಟ್ರ್ಯಾಕ್ ಸ್ಪ್ರಿಂಟ್‌ನಲ್ಲಿ ಕಾಲಿನ ಬಲ ತೀರ್ಪು ಕೊಡುವುದು ಕೊನೆಯ ಇನ್ನೂರು ಮೀಟರಿನಲ್ಲಿ. ಅದಕ್ಕೂ ಮೊದಲಿನ ಸುತ್ತುಗಳಲ್ಲಿ ನಡೆಯುವುದೆಲ್ಲ ಎದುರಾಳಿಯ ಮನಸ್ಸನ್ನು ಅಳೆಯುವ ಕೆಲಸ. ಆಹ್ವಾನಿತರಿಗಷ್ಟೇ ಮೀಸಲಾದ ಸ್ಪರ್ಧೆಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಸುಲಭವಾಗಿ ಸೋಲುವವರು ಯಾರೂ ಇರುವುದಿಲ್ಲ.

2021ರಲ್ಲಿ ಆರಂಭವಾದ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಟ್ರ್ಯಾಕ್ ಚಾಂಪಿಯನ್ಸ್ ಲೀಗ್ ಅನ್ನೇ ತೆಗೆದುಕೊ. ವಿಶ್ವ ಚಾಂಪಿಯನ್‌ಷಿಪ್‌ನ ಫಲಿತಾಂಶ ನೋಡಿ ಕೆಲವರನ್ನು ಆರಿಸಿ, ಉಳಿದವರನ್ನು ಆಹ್ವಾನಿಸಿ, ಸ್ಪ್ರಿಂಟ್ ವಿಭಾಗಕ್ಕೆ ಹದಿನೆಂಟು ಪುರುಷರನ್ನೂ ಹದಿನೆಂಟು ಮಹಿಳೆಯರನ್ನೂ ಕರೆಸುತ್ತಿದ್ದರು. ಒಲಿಂಪಿಕ್ಸ್ ಪದಕದ ಹಂತಗಳಲ್ಲಿ ಇಬ್ಬರು ಮುಖಾಮುಖಿಯಾಗಿ, ಮೂರರಲ್ಲಿ ಎರಡು ಗೆದ್ದವನು ಮುಂದೆ ಹೋಗುತ್ತಾನಲ್ಲವೇ? ಇಲ್ಲಿ ಹಾಗಿರಲಿಲ್ಲ. ಒಂದು ಹೀಟ್‌ಗೆ, ಅಂದರೆ ಆರಂಭಿಕ ಓಟಕ್ಕೆ, ಮೂವರು, ಒಂದೇ ಓಟ, ಗೆದ್ದವನಿಗೆ ಮಾತ್ರ ಮುಂದಿನ ಹಂತ. ಒಂದೇ ಸಂಜೆಯಲ್ಲಿ ಹೀಟ್, ಸೆಮಿಫೈನಲ್, ಫೈನಲ್ ಎಲ್ಲವೂ ಮುಗಿದು, ಅದರ ಜೊತೆಗೆ ಹಲವರು ಒಟ್ಟಿಗೆ ತುಳಿಯುವ ಕೀರಿನ್ ಎಂಬ ಇನ್ನೊಂದು ವೇಗದ ಸ್ಪರ್ಧೆ ಕೂಡ ನಡೆಯುತ್ತಿತ್ತು.

ಮೂವರು ಸೇರಿದಾಗ ಲೆಕ್ಕವೆಲ್ಲ ಬದಲಾಗುತ್ತದೆ. ಬ್ರೇಕ್ ಇಲ್ಲದ, ಚಕ್ರ ತಿರುಗುವವರೆಗೂ ಪೆಡಲ್ ತಿರುಗಲೇಬೇಕಾದ ಸೈಕಲ್ಲು. ಮುಂದಿರುವವನು ಕತ್ತನ್ನು ಹೆಗಲ ಮೇಲೆ ಹೊರಳಿಸಿ ಹಿಂದಿನವನ ಮುಂದಿನ ಚಕ್ರವನ್ನೇ ನೋಡುತ್ತ ಹೋಗುತ್ತಾನೆ. ಹಿಂದಿನವನು ಓರೆಯಾಗಿ ಎದ್ದ ಮರದ ಟ್ರ್ಯಾಕಿನ ಮೇಲೇರಿ, ಎರಡಾಳೆತ್ತರದಲ್ಲಿ, ಕೆಳಗೆ ಧುಮುಕುವ ಕ್ಷಣಕ್ಕಾಗಿ ಕಾಯುತ್ತಾನೆ; ಆ ಎತ್ತರವೇ ಅವನಿಗೆ ಪುಕ್ಕಟೆ ವೇಗ. ಇಬ್ಬರೇ ಇದ್ದರೆ ಒಬ್ಬನ ಮೇಲೆ ಕಣ್ಣಿಟ್ಟರೆ ಸಾಕು. ಮೂವರಿದ್ದಾಗ ಒಬ್ಬನನ್ನು ಕಾಯುತ್ತಿರುವಾಗಲೇ ಇನ್ನೊಬ್ಬ ಹೊರಟುಬಿಡುತ್ತಾನೆ, ಅವನ ಬೆನ್ನು ಹತ್ತುವವರು ಯಾರು ಎಂದು ಉಳಿದಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಹತ್ತು ಮೀಟರ್ ಅಂತರ ಬಿದ್ದಿರುತ್ತದೆ. ಓಟ ಬಿರುಸಾದ ಮೇಲೆ, ಮುಂದಿರುವವನು ಟ್ರ್ಯಾಕಿನ ಒಳ ಅಂಚಿನ ಬಳಿ ಎಳೆದ ಕೆಂಪು ಗೆರೆಯ ಒಳಗಿನ ಪಟ್ಟಿಯನ್ನು ಹಿಡಿದನೆಂದರೆ ಒಳಬದಿಯಿಂದ ಅವನನ್ನು ದಾಟುವಂತಿಲ್ಲ. ಹೊರಗಿನಿಂದಲೇ, ಹೆಚ್ಚು ದೂರ ತುಳಿದೇ ಗೆಲ್ಲಬೇಕು. ಆದ್ದರಿಂದ ಆ ಪಟ್ಟಿಗೆ ಮೊದಲು ಇಳಿಯುವುದೇ ಅರ್ಧ ಗೆಲುವು.

2022ರ ಡಿಸೆಂಬರ್‌ನಲ್ಲಿ ಲಂಡನ್ನಿನ ಲೀ ವ್ಯಾಲಿ ವೆಲೊಡ್ರೋಮ್‌ನಲ್ಲಿ ಲೀಗ್‌ನ ಆ ವರ್ಷದ ಋತು ಮುಗಿಯಿತು. 2012ರ ಒಲಿಂಪಿಕ್ಸ್‌ಗಾಗಿ ಸೈಬೀರಿಯಾದ ಪೈನ್ ಮರದಿಂದ ಕಟ್ಟಿದ, ತಿರುವಿನಲ್ಲಿ 42 ಡಿಗ್ರಿ ಓರೆಯಾಗಿ ಎದ್ದು ನಿಲ್ಲುವ 250 ಮೀಟರಿನ ಟ್ರ್ಯಾಕ್ ಅದು. 2019ರಿಂದ ಸತತವಾಗಿ ಸ್ಪ್ರಿಂಟ್ ವಿಶ್ವ ಚಾಂಪಿಯನ್ ಆಗಿದ್ದ ನೆದರ್‌ಲ್ಯಾಂಡ್ಸ್‌ನ ಹ್ಯಾರಿ ಲವ್ರೈಸನ್ ಅವರನ್ನು ಹಿಂದಿಕ್ಕಿ, ಆಗ ಆಸ್ಟ್ರೇಲಿಯಾ ಪರ ಆಡುತ್ತಿದ್ದ ಮ್ಯಾಥ್ಯೂ ರಿಚರ್ಡ್‌ಸನ್ ಪ್ರಶಸ್ತಿ ಪಡೆದರು. ಮಹಿಳೆಯರಲ್ಲಿ, ಅದೇ ಅಕ್ಟೋಬರ್‌ನಲ್ಲಿ ತವರಿನ ಪ್ರೇಕ್ಷಕರೆದುರು ವಿಶ್ವ ಚಾಂಪಿಯನ್ ಆಗಿದ್ದ ಫ್ರಾನ್ಸ್‌ನ ಮಥಿಲ್ಡ್ ಗ್ರೊ ಗೆದ್ದರು.

ಇಷ್ಟಾದರೂ ಒಂದೇ ಓಟದ ಫೈನಲ್ ನನಗೆ ಒಪ್ಪಿಗೆಯಿಲ್ಲ. ಮೂವರ ಹೀಟ್ ಇರಲಿ, ಅದು ಧೈರ್ಯದ ಪರೀಕ್ಷೆ. ಫೈನಲ್‌ನಲ್ಲಿ ಮಾತ್ರ ಸೋತವನಿಗೆ ಇನ್ನೊಂದು ಅವಕಾಶ ಬೇಕು, ಏಕೆಂದರೆ ಮೊದಲ ಓಟದಲ್ಲಿ ಎದುರಾಳಿ ಎಲ್ಲಿಂದ ಹೊರಟ, ಯಾವ ತಿರುವಿನಲ್ಲಿ ತಡವರಿಸಿದ ಎಂಬುದನ್ನು ಎರಡನೆಯ ಓಟದಲ್ಲಿ ಅವನ ಮೇಲೆಯೇ ಪ್ರಯೋಗಿಸುವುದು ಸ್ಪ್ರಿಂಟ್‌ನ ನಿಜವಾದ ವಿದ್ಯೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲವ್ರೈಸನ್ ಮತ್ತು ರಿಚರ್ಡ್‌ಸನ್ ಎದುರಾದಾಗ ಆ ಅವಕಾಶವಿತ್ತು. ಅರ್ಹತಾ ಸುತ್ತಿನಲ್ಲಿ ರಿಚರ್ಡ್‌ಸನ್ ಇನ್ನೂರು ಮೀಟರನ್ನು 9.091 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರೆ, ಸ್ವಲ್ಪ ಹೊತ್ತಿನಲ್ಲೇ ಲವ್ರೈಸನ್ 9.088ಕ್ಕೆ ಇಳಿಸಿದರು, ಗಂಟೆಗೆ ಸುಮಾರು 79 ಕಿಲೊಮೀಟರ್ ವೇಗ! ವೇಗದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಫೈನಲ್ಲನ್ನು ಲವ್ರೈಸನ್ 2-0ಯಿಂದ ಗೆದ್ದರು. ಬರೀ ವೇಗದಿಂದ ಇದನ್ನು ವಿವರಿಸಲಾಗದು.

ಅಪಾಯವನ್ನೂ ಮುಚ್ಚಿಡಲಾರೆ. 2024ರ ಡಿಸೆಂಬರ್‌ನಲ್ಲಿ ಅದೇ ಲಂಡನ್ ಟ್ರ್ಯಾಕ್‌ನಲ್ಲಿ ಮಹಿಳೆಯರ ಕೀರಿನ್ ವೇಳೆ ಇಬ್ಬರು ಸ್ಪರ್ಧಿಗಳು ತಡೆಗೋಡೆ ದಾಟಿ ಪ್ರೇಕ್ಷಕರ ಮೇಲೆ ಬಿದ್ದರು. ಬ್ರಿಟನ್ನಿನ ಕೇಟಿ ಮಾರ್ಚೆಂಟ್ ಅವರ ಕೈ ಮುರಿಯಿತು, ಪ್ರೇಕ್ಷಕರಿಗೂ ಪೆಟ್ಟಾಯಿತು, ಆ ರಾತ್ರಿಯ ಉಳಿದ ಓಟಗಳೆಲ್ಲ ರದ್ದಾದವು. ಟ್ರ್ಯಾಕಿನ ಅಂಚಿನ ತಡೆಗೋಡೆಯನ್ನು ಇನ್ನೂ ಎತ್ತರಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿನ್ನ ಬಳಿ ಕಲಿಯುವ ಹುಡುಗರು ಇದನ್ನು ನೋಡಲಿ. ಮಣಿಪುರದ ರೊನಾಲ್ಡೊ ಸಿಂಗ್ 2022ರಲ್ಲಿ ದೆಹಲಿಯ ವೆಲೊಡ್ರೋಮ್‌ನಲ್ಲಿ ಏಷ್ಯನ್ ಸ್ಪ್ರಿಂಟ್ ಬೆಳ್ಳಿ ಗೆದ್ದದ್ದನ್ನು ಅವರಿಗೆ ತಪ್ಪದೆ ಹೇಳು. ಮೊದಲು ಪ್ಯಾರಿಸ್ ಫೈನಲ್‌ನ ಎರಡೂ ಓಟಗಳನ್ನು ತೋರಿಸು, ಆಮೇಲೆ ಲೀಗ್‌ನ ಮೂವರ ಹೀಟ್‌ಗಳನ್ನು. ಪ್ರತಿ ಬಾರಿಯೂ ಕೊನೆಯ ಸುತ್ತಿನ ಗಂಟೆ ಹೊಡೆಯುವಾಗ ವಿಡಿಯೊ ನಿಲ್ಲಿಸಿ, ಯಾರು ಗೆಲ್ಲುತ್ತಾರೆ, ಏಕೆ ಎಂದು ಕೇಳು. ಅವರು ಏನೆಂದರು ಎಂಬುದನ್ನು ನನಗೆ ವಿವರವಾಗಿ ಬರೆ.

ಇಂತಿ ನಿನ್ನ ಗೆಳೆಯ