ದೂರಿಗಿಂತ ಮೊದಲು ಚಿಕಿತ್ಸೆ ಸಿಗಲಿ

ಮಾನ್ಯರೆ,

ಲೈಂಗಿಕ ದೌರ್ಜನ್ಯದ ಸುದ್ದಿಗಳಲ್ಲಿ ಆರೋಪಿಯ ಬಂಧನ, ತನಿಖೆಯ ವಿವರಗಳು ಧಾರಾಳವಾಗಿರುತ್ತವೆ; ಸಂತ್ರಸ್ತೆಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿತೇ ಎಂಬುದು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಗರ್ಭ ತಡೆಯುವ ತುರ್ತು ಮಾತ್ರೆಗಿರುವ ಅವಧಿ ಹೆಚ್ಚೆಂದರೆ 5 ದಿನ, ಅದೂ ತಡವಾದಷ್ಟೂ ಪರಿಣಾಮ ಕಡಿಮೆ. ಯಾರಿಗೆ ಹೇಳಲಿ, ಹೇಗೆ ಹೇಳಲಿ ಎಂಬ ತಳಮಳದಲ್ಲೇ ಎರಡು ದಿನ ಕಳೆದುಹೋಗುತ್ತವೆ. ಹೇಗೋ ಧೈರ್ಯಮಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳನ್ನು ‘ಮೊದಲು ದೂರು ಕೊಟ್ಟು ಬನ್ನಿ’ ಎಂದು ಸಾಗಹಾಕಿದರೆ ಆಕೆ ಮರಳಿ ಬರುವುದು ಅನುಮಾನ.

ಗಾಯ ಮಾಯ್ದ ಮೇಲೂ ನಿದ್ರಾಹೀನತೆ, ಖಿನ್ನತೆ, ಕಿಬ್ಬೊಟ್ಟೆಯ ನೋವು ವರ್ಷಗಟ್ಟಲೆ ಕಾಡಬಹುದು. ಹೊಟ್ಟೆನೋವೆಂದು ಮತ್ತೆ ಮತ್ತೆ ಬರುವ ಮಹಿಳೆಗೆ ಮಾತ್ರೆ ಬರೆದುಕೊಡುವುದು ಸುಲಭ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ ಐದು ನಿಮಿಷ ಮಾತನಾಡಿಸಿದರೆ ಬೇರೆಯೇ ಕಾರಣ ತಿಳಿದೀತು. ಗಂಡನೇ ಪಕ್ಕದಲ್ಲಿ ನಿಂತಿರುವಾಗ ಯಾವ ಹೆಣ್ಣು ಬಾಯಿ ಬಿಟ್ಟಾಳು?

ಪ್ರತಿ ತುರ್ತು ಚಿಕಿತ್ಸಾ ವಿಭಾಗದಲ್ಲೂ ಈ ಔಷಧಗಳು ಹಗಲಿರುಳು ಲಭ್ಯವಿರಬೇಕು. ತರಬೇತಿ ಪಡೆದ ಒಬ್ಬ ಶುಶ್ರೂಷಕಿಯಾದರೂ ಪಾಳಿಯಲ್ಲಿರಬೇಕು. ಸಂತ್ರಸ್ತೆ ಒಪ್ಪಿದರೆ ಸಾಕ್ಷ್ಯದ ಮಾದರಿಗಳನ್ನು ತೆಗೆದು ಕಾಯ್ದಿರಿಸಲಿ. ದೂರು ಕೊಡುವ ತೀರ್ಮಾನವನ್ನು ಆಕೆ ನಿಧಾನವಾಗಿ ಕೈಗೊಳ್ಳಲಿ.

– ನಿವೃತ್ತ ಶುಶ್ರೂಷಕಿ