ಬಳೆ ಚೂರು ಗುಡಿಸಿದವಳು

ಪ್ರೀತಿಯ ಮಗೂ,

ನಿನ್ನ ಕಥೆ ಓದಿದೆ, ಜೊತೆಗಿದ್ದ ಪತ್ರವನ್ನೂ ಓದಿದೆ. ‘ಇದು ನಿನ್ನದೇ ಕಥೆನಾ ಅಂತ ಎಲ್ಲರೂ ಕೇಳ್ತಾರೆ, ಬರೆಯೋದೇ ಬೇಡ ಅನ್ನಿಸಿದೆ’ ಅಂದಿದ್ದೀಯ. ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅನ್ನೋದನ್ನ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಅದು ಈಗ ಬೇಡ.

ನನ್ನ ಮೊದಲ ಸಂಕಲನ ಬಂದಾಗ ವಿಮರ್ಶಕರೊಬ್ಬರು ಕಥೆ ಬಿಟ್ಟು ನನ್ನ ಸಂಸಾರವನ್ನು ಹುಡುಕುತ್ತಾ ಹೋದರು. ಆ ಸಿಟ್ಟು ಇನ್ನೂ ಆರಿಲ್ಲ.

ಇಟಲಿಯ ಚಿತ್ರ ಕಲಾವಿದೆ ಆರ್ಟೆಮಿಸಿಯಾ ಜೆಂಟಿಲೆಸ್ಕಿಗೂ ಇದೇ ಗತಿ. 1611ರಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ. ಮರುವರ್ಷ ರೋಮಿನಲ್ಲಿ ವಿಚಾರಣೆ ನಡೆಯಿತು. ಹೇಳುತ್ತಿರುವುದು ನಿಜವೇ ಎಂದು ನೋಡಲು ಅವಳ ಬೆರಳುಗಳಿಗೇ ಹಗ್ಗ ಬಿಗಿದರು. ಈಗ ಅವಳ ಯಾವ ಚಿತ್ರ ನೋಡಿದರೂ ಜನ ಸೇಡು, ಸೇಡು ಅನ್ನುತ್ತಾರೆ. ಆದರೆ ‘ಸುಸಾನಾ ಮತ್ತು ಹಿರಿಯರು’ ಚಿತ್ರದ ಮೇಲಿರುವ ವರ್ಷ 1610! ಅವಳಿಗಿನ್ನೂ 17ರ ಆಸುಪಾಸು. ಬೈಬಲ್ ಕಥೆಯ ಸುಸಾನಾ ಸ್ನಾನಕ್ಕೆ ಕೂತಿದ್ದಾಳೆ, ಅವಳ ಮೇಲೆ ಇಬ್ಬರು ಗಂಡಸರು ಗೋಡೆಯಾಚೆಯಿಂದ ಬಾಗಿದ್ದಾರೆ. ಎಷ್ಟೋ ಗಂಡಸರು ಇದೇ ಕಥೆಯನ್ನು ನೋಡುವವರ ಕಣ್ಣಿಗೆ ಹಬ್ಬವಾಗುವಂತೆ ಬಿಡಿಸಿದರು. ಇವಳ ಸುಸಾನಾ ಮೈ ತಿರುಚಿ, ಎರಡೂ ಕೈ ಅಡ್ಡ ತಂದು, ಮುಖ ಕಿವುಚಿದ್ದಾಳೆ. ತನಗಾಗುವ ಮೊದಲೇ ಇನ್ನೊಬ್ಬಳಿಗೆ ಏನಾಗುತ್ತದೆ ಎಂದು ಆರ್ಟೆಮಿಸಿಯಾಳಿಗೆ ಕಂಡಿತ್ತು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಅವಳ ಜೂಡಿತ್. ಇದೂ ಬೈಬಲ್ ಕಥೆಯೇ, ಊರಿಗೆ ಮುತ್ತಿಗೆ ಹಾಕಿದ ಹೊಲೊಫರ್ನೆಸ್ ಅನ್ನೋ ಸೇನಾಪತಿಯ ಕತ್ತನ್ನು ಜೂಡಿತ್ ಕೊಯ್ಯುವ ಚಿತ್ರ. ಇಟಲಿಯವನೇ ಆದ ಚಿತ್ರಕಾರ ಕಾರವಾಜ್ಜೊ ಇದನ್ನೇ ಬಿಡಿಸಿದಾಗ ಕೆಲಸದಾಕೆ ಮುದುಕಿ, ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ ಅಷ್ಟೆ. ಆರ್ಟೆಮಿಸಿಯಾಳ ಕೆಲಸದಾಕೆ ಪ್ರಾಯದವಳು. ತೋಳು ಮೇಲೇರಿಸಿ, ಮೈಭಾರವೆಲ್ಲ ಹಾಕಿ ಅವನನ್ನು ಹಾಸಿಗೆಗೆ ಒತ್ತಿ ಹಿಡಿದಿದ್ದಾಳೆ. ಅವನ ಮುಷ್ಟಿ ಅವಳ ಗದ್ದದ ಹತ್ತಿರಕ್ಕೇ ಬಂದಿದೆ. ಅವಳು ಕೈಬಿಟ್ಟರೆ ಜೂಡಿತ್‌ಳ ಕತ್ತಿ ಏನು ಮಾಡೀತು? ಅದಕ್ಕೂ ಮೊದಲು, 1555ರಲ್ಲಿ, ಇಟಲಿಯ ಇನ್ನೊಬ್ಬ ಕಲಾವಿದೆ ಸೊಫೊನಿಸ್ಬಾ ಅಂಗ್ವಿಸೋಲಾ ತನ್ನ ತಂಗಿಯರು ಚೆಸ್ ಆಡುವುದನ್ನು ಬಿಡಿಸಿದಳು. ಅಂಚಿನಲ್ಲಿ ವಯಸ್ಸಾದ ಕೆಲಸದಾಕೆ ಇದ್ದಾಳೆ. ತಂಗಿಯರ ಜರಿ ಬಟ್ಟೆಯನ್ನು ನೋಡಿದಷ್ಟೇ ನಿಧಾನವಾಗಿ ಸೊಫೊನಿಸ್ಬಾ ಆಕೆಯ ಸುಕ್ಕನ್ನೂ ನೋಡಿದ್ದಾಳೆ.

ಈಗ ನಿನ್ನ ಕಥೆಗೆ ಬಾ. ನಾಯಕಿ ಅತ್ತಾಗಲೆಲ್ಲ ಬಾಗಿಲಲ್ಲಿ ಬಂದು ನಿಲ್ಲುವ ಕೆಲಸದವಳಿದ್ದಾಳಲ್ಲ, ಅವಳಿಗೆ ಒಂದು ಹೆಸರು ಕೂಡ ಇಟ್ಟಿಲ್ಲ ನೀನು! ನನಗೆ ಕೋಪ ಬಂತು. ಒಡೆದ ಬಳೆ ಚೂರು ಗುಡಿಸಿದವಳು ಅವಳೇ ಅಲ್ವಾ? ಎಲ್ಲಿ ಹಾಕಿದಳು? ಮಾರನೇ ಬೆಳಿಗ್ಗೆ ಆ ಗಂಡನಿಗೆ ಕಾಫಿ ಲೋಟ ಕೊಡುವಾಗ ಏನು ಅಂದಳು? ನಾಯಕಿಯ ನೋವು ಚೆನ್ನಾಗಿ ಬಂದಿದೆ, ಸುಮ್ನೆ ಹೊಗಳುತ್ತಿಲ್ಲ. ಆದರೆ ಆ ಮನೆಯಲ್ಲಿ ನಡೆದದ್ದನ್ನೆಲ್ಲ ಕಂಡ ಇನ್ನೊಂದು ಜೊತೆ ಕಣ್ಣನ್ನು ನೀನು ಬಾಗಿಲಲ್ಲೇ ನಿಲ್ಲಿಸಿದ್ದೀಯ.

ಬರೆಯೋದು ಬಿಡ್ತೀನಿ ಅನ್ನೋ ಮಾತು ಇನ್ನೊಮ್ಮೆ ಎತ್ತಬೇಡ. ಆ ನಾಲ್ಕು ಪುಟ ಮತ್ತೆ ಬರೆ. ಯುಗಾದಿ ಆದ ಮೇಲೆ ನಾನು ಮಗಳ ಮನೆಗೆ ಹೋಗುತ್ತೇನೆ, ಅದಕ್ಕೆ ಮುಂಚೆ ಕಳಿಸು.

ಪ್ರೀತಿಯಿಂದ,
ನಿನ್ನ ಅಮ್ಮನ ವಯಸ್ಸಿನವಳು