ಕಸಿ ಆದ ಮಕ್ಕಳಿಗೆ ವರ್ಷಕ್ಕೊಂದು ಫೋನ್ ಮಾಡಿ

ಸಂಪಾದಕರೇ,

ನನ್ನ ಮಗಳಿಗೆ ಥಲಸ್ಸೀಮಿಯಾ ಇತ್ತು, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ಆಗದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕಿತ್ತು. ಅವಳಿಗೆ ಏಳು ವರ್ಷ ಆದಾಗ ಅವಳ ಅಣ್ಣನ ಬೋನ್ ಮ್ಯಾರೋ (ರಕ್ತ ಹುಟ್ಟುವ ಮೂಳೆ ಮಜ್ಜೆ) ಹೊಂದಿಕೆಯಾಗಿ ಕಸಿ ಮಾಡಿಸಿದೆವು. ಈಗ ಒಂಬತ್ತು ವರ್ಷ ಆಯ್ತು, ಒಂದು ಬಾಟಲಿ ರಕ್ತವೂ ಬೇಕಾಗಿಲ್ಲ.

ನನ್ನ ತಕರಾರು ಚಿಕಿತ್ಸೆ ಬಗ್ಗೆ ಅಲ್ಲ. ಮೊದಲ ನೂರು ದಿನ ಒಂದು ಕೆಮ್ಮು ಬಂದರೂ ಆಸ್ಪತ್ರೆಯವರು ಬರೆದುಕೊಳ್ಳುತ್ತಿದ್ದರು. ಎರಡು ವರ್ಷ ತಪಾಸಣೆಯೂ ಸರಿಯಾಗಿ ನಡೆಯಿತು. ಆಮೇಲೆ ಬೆಂಗಳೂರಿಗೆ ಬಸ್ಸು, ಒಂದು ದಿನದ ಕೂಲಿ, ಮಗಳ ಪರೀಕ್ಷೆ ಅಂತ ನಾವೂ ಹೋಗಲಿಲ್ಲ, ಅವರೂ ಕರೆಯಲಿಲ್ಲ. ನಡುವೆ ನಮ್ಮ ಮೊಬೈಲ್ ನಂಬರ್ ಬೇರೆ ಬದಲಾಯಿತು. ಅದು ನಮ್ಮದೇ ತಪ್ಪು ಬಿಡಿ.

ಹೋದ ವರ್ಷ ಮಗಳು ಸುಮ್ನೆ ಸುಸ್ತು ಸುಸ್ತು ಅನ್ನತೊಡಗಿದಳು. ಊರಿನ ಡಾಕ್ಟರು ಥೈರಾಯ್ಡ್ ಕಡಿಮೆ ಇದೆ ಅಂತ ಮಾತ್ರೆ ಕೊಟ್ಟರು. ಕಸಿಗೂ ಇದಕ್ಕೂ ನಂಟು ಇರಬಹುದು ಅಂತ ಅವರಿಗೂ ಹೊಳೆಯಲಿಲ್ಲ, ನಮಗೂ. ಕಸಿಗೆ ಮುಂಚೆ ಹಳೆ ಮಜ್ಜೆ ಅಳಿಸಲು ಜೋರು ಕೀಮೋ ಕೊಡುತ್ತಾರೆ, ಕೆಲವರಿಗೆ ರೇಡಿಯೇಷನ್ನೂ. ಅದರಿಂದ ಥೈರಾಯ್ಡ್, ಕಣ್ಣಿನ ಪೊರೆ, ಮೂಳೆ ಸವೆತ, ಮುಂದೆ ಮಕ್ಕಳಾಗಲು ತೊಂದರೆ, ಹೀಗೆ ಏನೇನೋ ಎಷ್ಟೋ ವರ್ಷ ಕಳೆದು ಕಾಣಿಸಬಹುದಂತೆ. ಇದಾದರೂ ಗೊತ್ತಾಗಿದ್ದು ಎಲ್ಲೋ ಯಾರೋ ವರ್ಷ ವರ್ಷ ಬರೆದಿಟ್ಟಿದ್ದಕ್ಕೆ ಅಲ್ವಾ?

ಅಮೆರಿಕದಲ್ಲಿ 1972ರಿಂದ ಕಸಿ ಆದವರ ಲೆಕ್ಕ ಇಡುತ್ತಿದ್ದಾರೆ. ದಾನಿಯಿಂದ ಪಡೆದು ಮಾಡುವ ಕಸಿಗಳ ಮಾಹಿತಿ ಒಂದೆಡೆ ಸೇರಬೇಕು ಅಂತ 2005ರಲ್ಲಿ ಕಾನೂನನ್ನೇ ತಂದರು. ನಮ್ಮಲ್ಲೂ 1983ರಲ್ಲೇ ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ಮೊದಲ ಮಜ್ಜೆ ಕಸಿ ಆಗಿದೆ, ಕಸಿ ಆದವರ ಮಾಹಿತಿ ಬರೆದಿಡುವ ವೈದ್ಯರ ಸಂಘದ ರಿಜಿಸ್ಟ್ರಿಯೂ ಇದೆ. ಆದರೆ ಊರಿಗೆ ಹೋದ ಮಗುವಿನ ಪುಟ ತುಂಬಿಸುವವರು ಯಾರು? ಹುಷಾರಾಗಿರುವವರೂ ಆಸ್ಪತ್ರೆಗೆ ಬರುವುದಿಲ್ಲ, ತೀರಿಕೊಂಡವರೂ ಬರುವುದಿಲ್ಲ. ರಿಜಿಸ್ಟರಿನಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಇದಕ್ಕೆ ದೊಡ್ಡ ಡಾಕ್ಟರೇ ಬೇಕಿಲ್ಲ. ಫೋನ್ ಮಾಡಿ ವಿಚಾರಿಸಿ ಬರೆದುಕೊಳ್ಳುವ ಒಬ್ಬರು ಸಾಕು, ರಕ್ತಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೇ ಆಗಲಿ. ಥಲಸ್ಸೀಮಿಯಾ ಮಕ್ಕಳ ಕಸಿಗೆ ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾ 10 ಲಕ್ಷದವರೆಗೆ ಕೊಡುತ್ತದೆ. ಅಂಥ ನೆರವಿನ ಜೊತೆಗೇ ಹತ್ತು ವರ್ಷ ವಿಚಾರಿಸುವ ಖರ್ಚನ್ನೂ ಸೇರಿಸಿದರೆ ಎಷ್ಟು ಮಹಾ ಜಾಸ್ತಿ ಆದೀತು?

ಮೊನ್ನೆ ಹೊಸ ನಂಬರ್ ಕೊಡೋಣ ಅಂತ ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ಅಪಾಯಿಂಟ್‌ಮೆಂಟ್ ಬೇಕಾ ಅಂದರು. ಬೇಡಮ್ಮ, ನಂಬರ್ ಬರೆದುಕೊಳ್ಳಿ ಸಾಕು ಅಂದೆ. ಅದಕ್ಕೆ ಫೈಲ್ ಹಿಡಿದುಕೊಂಡು ಖುದ್ದಾಗಿ ಕೌಂಟರಿಗೇ ಬರಬೇಕಂತೆ.

ಒಬ್ಬ ತಾಯಿ, ಹಾಸನ ಜಿಲ್ಲೆ